ಸೀಸೆಯ ಮೇಲೆ ಊರ ಹೆಸರು

ನಾಶಿಕದ ಹೊರಗಿನ ದ್ರಾಕ್ಷಿ ತೋಟ
೧೧ ಫೆಬ್ರುವರಿ ೨೦೨೪

ಚಿರಂಜೀವಿ ಸುಮನಳಿಗೆ ಅಪ್ಪನ ಆಶೀರ್ವಾದಗಳು.

ಪರದೆ ಸರಿಯಿತು ಮಗಳೇ! ಬೆಳಕು ಬಿತ್ತು! ರಂಗದ ನಟ್ಟನಡುವೆ ನಿಂತಿದ್ದಾನೆ ನಿನ್ನ ಅಪ್ಪ, ಮೂಡಲಗಿಯ ಕಾಶಿನಾಥ ಮಾಸ್ತರ, ಊರೂರಿನ ಹುಡುಗರಿಗೆ ಬಣ್ಣ ಹಚ್ಚಿ ನಾಟಕ ಕಲಿಸಿದವನು, ಒಮ್ಮೆ ಗುಡುಗಿದರೆ ಹಿಂದಿನ ಚಾಪೆಯಲ್ಲಿ ಮಲಗಿದ ಕೂಸುಗಳೂ ಎದ್ದು ಕೂಡುತ್ತಿದ್ದಂಥವನು. ಕೈಯಲ್ಲಿ ಖಡ್ಗವಿಲ್ಲ. ಗಾಜಿನ ಬಟ್ಟಲಿದೆ. ಬಟ್ಟಲಿನಲ್ಲಿ ಏನಿದೆ ಎಂದು ಕೇಳಬೇಡ, ನಾನೇ ಹೇಳಿಬಿಡುತ್ತೇನೆ. ವೈನು.

ಹೆದರಬೇಡ, ಕುಡಿಯುವುದಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ನಾನು. ಇಲ್ಲಿ ಬಾಯಿಗೆ ಹಾಕಿಕೊಂಡು ಮುಕ್ಕಳಿಸಿ ಬೋಗುಣಿಗೆ ಉಗುಳುತ್ತಾರೆ. ಈ ವಿದ್ಯೆ ಕಲಿತವರೆಲ್ಲ ಹಾಗೆಯೇ ಮಾಡುವುದಂತೆ. ಜೀವಮಾನವೆಲ್ಲ ಸ್ಟೇಜಿನ ಮೇಲೆ ಕುಡುಕನ ಪಾತ್ರಕ್ಕಾಗಿ ಕರಿ ಚಹಾ ಕುಡಿದೆ. ಈಗ ಖರೇ ವೈನನ್ನು ಬಾಯಿಗೆ ಹಾಕಿಕೊಂಡು ಕುಡಿಯದೆ ಇರುವ ಪಾತ್ರ ಸಿಕ್ಕಿದೆ. ಹೇಗಿದೆ ವಿಧಿಯ ಹಂಚಿಕೆ!

ಫೋನ್ ಮಾಡಬೇಡ. ನನ್ನ ಕಿವಿ ನಿನಗೆ ಗೊತ್ತು. ಎದುರು ನಿಂತು ಕೂಗಿದರೆ ಕೇಳುತ್ತದೆ, ಫೋನಿನಲ್ಲಿ ನಿನ್ನ ದನಿ ಡಬ್ಬಿಯೊಳಗೆ ಜೀರುಂಡೆ ಹಾಕಿದ ಹಾಗೆ ಕೇಳುತ್ತದೆ. ಕಾಗದ ಬರಿ.

ಇಲ್ಲಿ ನನ್ನ ಕೆಲಸ ಇಷ್ಟು. ಶನಿವಾರ, ರವಿವಾರ ಮುಂಬೈ-ಪುಣೆಯ ಜನ ತೋಟ ನೋಡಲು ಬರುತ್ತಾರೆ. ಅವರ ಮುಂದೆ ನಿಂತು ವೈನಿನ ಕಥೆಯನ್ನು ಮರಾಠಿಯಲ್ಲಿ ನಾಟಕದ ಹಾಗೆ ಹೇಳಬೇಕು. ಆದರೆ ಮೊದಲು ಪಾಠ ಕಲಿತು ಪರೀಕ್ಷೆ ಪಾಸಾಗಬೇಕು. ಪಾಠ ಹೇಳುವಾಕೆ ಇಪ್ಪತ್ತೇಳರ ಹುಡುಗಿ, ನಿಮ್ಮ ಹುಕ್ಕೇರಿ ತಾಲೂಕಿನವಳೇ, ಸಂಕೇಶ್ವರದವಳು. ನನ್ನ ನಾಟಕ ನೋಡಿ ಮಾಲಕರಿಗೆ ನನ್ನ ಹೆಸರು ಹೇಳಿದಾಕೆಯೂ ಅವಳೇ. ಮೊದಲ ದಿನ ನಾನು ‘ಏ ಸಂಕೇಶ್ವರದಾಕಿ’ ಎಂದು ಕೂಗಿದೆ. ಆಕೆ ತಿರುಗಿ ನೋಡಲಿಲ್ಲ. ಆಮೇಲೆ ಬಂದು ಅಂದಳು:

“ಕಾಕಾ, ಮಾಯಾ ಅಂತ ಹೆಸರ ಇಟ್ಟಾರ ನಂಗ. ಊರಿನ ಹೆಸರ ಹಿಡಿದು ಕರದ್ರ ಬಸ್ಸಿನ ಬೋರ್ಡ ಓದಿದಂಗ ಆಗತೈತ್ರಿ.”

ಬಾಯಿ ಜೋರು. ಆದರೆ ವಿದ್ಯೆ ಇದೆ.

ಪಾಠ ಶುರುವಾಗುವುದು ಫ್ರಾನ್ಸಿನಿಂದ. ಯಾಕೆಂದರೆ ನಾಶಿಕದಲ್ಲಿ ವೈನಿಗೆಂದು ಬೆಳೆಯುವ ತಳಿಗಳ ತವರುಮನೆ ಆ ದೇಶ. ಮೊದಲ ಪ್ರವೇಶ, ಬೋರ್ಡೋ! ನಮ್ಮ ಹಿರಣ್ಯಕೇಶಿ ಬಂದು ಘಟಪ್ರಭೆಯನ್ನು ಕೂಡುವ ಹಾಗೆ ಅಲ್ಲಿ ಎರಡು ನದಿ ಕೂಡಿ ಒಂದಾಗಿ ಕಡಲಿಗೆ ಹೋಗುತ್ತವೆ. ಎಡದಂಡೆಯಲ್ಲಿ ಕ್ಯಾಬರ್ನೆ ಸೊವಿನ್ಯೋನ್ ಎಂಬ ದ್ರಾಕ್ಷಿ, ಗಡುಸು ಸ್ವಭಾವ, ಸೇನಾಪತಿಯ ಪಾತ್ರ. ಬಲದಂಡೆಯಲ್ಲಿ ಮೆರ್ಲೋ, ಮೃದು ಮಾತಿನ ರಾಣಿ. ಇಬ್ಬರನ್ನೂ ಕೂಡಿಸಿ ವೈನು ಮಾಡುತ್ತಾರೆ. ಹದಿನೆಂಟುನೂರಾ ಐವತ್ತೈದನೆಯ ಇಸವಿಯಲ್ಲಿ ಅಲ್ಲಿನ ಚಕ್ರವರ್ತಿ ಅಪ್ಪಣೆ ಕೊಟ್ಟ: ಎಡದಂಡೆಯಲ್ಲಿ ವೈನು ಮಾಡುವ ವಾಡೆಗಳಿಗೆ ದರ್ಜೆ ಕಟ್ಟಿರಿ! ಐದು ದರ್ಜೆ ಕಟ್ಟಿದರು. ಅಂದು ಯಾರಿಗೆ ಯಾವ ಪಾತ್ರ ಬಂತೋ ಇಂದಿಗೂ ಅದೇ. ಒಂದೇ ಒಂದು ವಾಡೆ ಎರಡರಿಂದ ಒಂದಕ್ಕೆ ಏರಿತಂತೆ, ಅದೂ ನೂರು ವರ್ಷ ಕಳೆದ ಮೇಲೆ. ಸೇವಕನ ಪಾತ್ರ ಮಾಡಿದವ ಸೇವಕನಾಗಿಯೇ ಮುದುಕನಾಗುವುದು ನಮ್ಮ ನಾಟಕ ಕಂಪನಿಯಲ್ಲಷ್ಟೇ ಅಲ್ಲ, ನೋಡು!

ಇಲ್ಲಿ ಈಗ ಸುಗ್ಗಿ. ಬೆಳಗಿನ ತಂಪಿನಲ್ಲಿ ಗೊನೆ ಕೊಯ್ಯುತ್ತಾರೆ. ಊಟ ಮೆಸ್ಸಿನಲ್ಲಿ. ರೊಟ್ಟಿ ಸಿಗುವುದಿಲ್ಲ, ಅದರಿಂದ ಏನೂ ಆಗಿಲ್ಲ. ಮೂಡಲಗಿಯ ಮನೆಯ ಕೀಲಿ ನಿನ್ನ ಹತ್ತಿರವೇ ಇರಲಿ. ಅಳಿಯ ಗುರುಪಾದನನ್ನು ಕೇಳಿದೆ ಎಂದು ಹೇಳು.

ಇಂತಿ ನಿನ್ನ ಅಪ್ಪ,
ಕಾಶಿನಾಥ

*

ಹುಕ್ಕೇರಿ
೨೬ ಫೆಬ್ರುವರಿ ೨೦೨೪

ಅಪ್ಪಾ, ನಮಸ್ಕಾರ.

ಕಾಗದ ತಲುಪಿತು. ಅಂಗಡಿಯಲ್ಲಿ ಸೀರೆಗೆ ಫಾಲ್ ಹಚ್ಚುತ್ತ ಓದಿದೆ.

ಅವ್ವ ಕಾರ್ತಿಕದಲ್ಲಿ ಹೋದಳು. ಸಂಕ್ರಮಣದ ವಾರ ನೀವು ಹೊರಟಿರಿ. ಬಸ್ಸು ಹತ್ತುವಾಗ ನನಗೆ ಕೀಲಿ ಕೊಟ್ಟಿರಿ, ಮಾತು ಕೊಡಲಿಲ್ಲ. ಈಗ ನಾಲ್ಕು ಪುಟದ ಕಾಗದ ಬಂದಿದೆ. ಅದರಲ್ಲಿ ಬೋರ್ಡೋದ ಎರಡೂ ನದಿ ಇವೆ, ಅವ್ವ ಎಲ್ಲೂ ಇಲ್ಲ.

ಮಣ್ಣು ಕೊಟ್ಟ ದಿನ ನೀವು ಅಳಲಿಲ್ಲ. ನಾನೂ ಅಳಲಿಲ್ಲ. ಜನ ನಿಮ್ಮನ್ನಷ್ಟೇ ಆಡಿಕೊಂಡರು. ಸ್ಟೇಜಿನ ಮೇಲೆ ಬೇಕೆಂದಾಗ ಕಣ್ಣೀರು ಹಾಕುತ್ತಿದ್ದ ಮನುಷ್ಯ ಎಂದರು. ನಾನು ಆಡಿಕೊಳ್ಳುತ್ತಿಲ್ಲ. ನನಗೂ ಏನೂ ಆಗುತ್ತಿಲ್ಲ. ಬೆಳಿಗ್ಗೆ ಅಂಗಡಿ ತೆಗೆಯುತ್ತೇನೆ, ಸಂಜೆ ಹಾಕುತ್ತೇನೆ.

ಬರೆದ ಕಾರಣ ಬೇರೆ. ಅವ್ವನ ಸಮಾಧಿಗೆ ಕಲ್ಲು ಮಾಡಿಸಬೇಕಲ್ಲ. ಗೋಕಾಕದಲ್ಲಿ ಕಲ್ಲು ಕೆತ್ತುವ ಭೀಮಶಿಗೆ ಹೇಳಿ ಬಂದೆ. ಕರಿ ಕಲ್ಲು ಆರಿಸಿಟ್ಟಿದ್ದಾನೆ. “ಹೆಸರ ಏನ್ ಕೆತ್ತಲ್ರಿ ಅವ್ವಾರ?” ಅಂದ. ದಾಕ್ಷಾಯಿಣಿ ಎಂದೆ, ರೇಶನ್ ಕಾರ್ಡಿನಲ್ಲಿ ಅದೇ ಇದೆ. ಮರುದಿನ ಕಲ್ಲೋಳಿಯಿಂದ ಕೆಂಪವ್ವ ದೊಡ್ಡವ್ವ ಫೋನ್ ಮಾಡಿ ಕೂಗಾಡಿದಳು. ನನ್ನ ತಂಗಿ ಹುಟ್ಟಿದ್ದು ಚನ್ನವ್ವ ಆಗಿ, ದಾಕ್ಷಾಯಿಣಿ ಎಂಬುದು ಮದುವೆಯಲ್ಲಿ ನಿಮ್ಮಪ್ಪನ ಅವ್ವ ಅಕ್ಕಿಯ ಮೇಲೆ ಬರೆಸಿದ ಹೊಸ ಹೆಸರು, ಅದನ್ನು ಕರೆದವರು ಯಾರಿದ್ದಾರೆ ಎಂದಳು.

ಕೂತು ಯೋಚನೆ ಮಾಡಿದೆ. ನೀವು ಅವ್ವನನ್ನು ಏನೆಂದು ಕರೆಯುತ್ತಿದ್ದಿರಿ? ಮಂದಿಯ ಮುಂದೆ ‘ಕಲ್ಲೋಳಿಯಾಕಿ’ ಎನ್ನುತ್ತಿದ್ದಿರಿ. ಮನೆಯಲ್ಲಿ ‘ಏ, ಕೇಳತೈತೇನ’ ಎನ್ನುತ್ತಿದ್ದಿರಿ. ಇನ್ನೊಂದು ಇತ್ತೇ? ನನಗೆ ನೆನಪಿಲ್ಲ.

ಹೆಸರು ನೀವು ಹೇಳಬೇಕು. ನೀವು ಹೇಳಿದ್ದನ್ನೇ ಕೆತ್ತಿಸುತ್ತೇನೆ. ವರ್ಷದ ಕಾರ್ಯದೊಳಗೆ ಕಲ್ಲು ನಿಲ್ಲಬೇಕು.

ನಮ್ಮನೆಯವರು ಆರಾಮಿದ್ದಾರೆ.

ಸುಮನ

*

ನಾಶಿಕ
೨೧ ಮಾರ್ಚ್ ೨೦೨೪

ಚಿ. ಸುಮನಳಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಸಂತೋಷ.

ಎರಡನೆಯ ಪ್ರವೇಶ, ಬರ್ಗಂಡಿ! ಗಂಟೆ ಬಾರಿಸಲಿ! ಬೋರ್ಡೋದಲ್ಲಿ ವಾಡೆಗೆ ಮಾನವಾದರೆ ಬರ್ಗಂಡಿಯಲ್ಲಿ ಹೊಲಕ್ಕೆ ಮಾನ. ಗುಡ್ಡದ ಇಳಿಜಾರಿನಲ್ಲಿ ಸಣ್ಣ ಸಣ್ಣ ಪಟ್ಟಿ, ಸುತ್ತ ಕಲ್ಲಿನ ಒಡ್ಡು. ಅಣ್ಣತಮ್ಮರಲ್ಲಿ ಪಾಲಾಗಿ ಪಾಲಾಗಿ ಒಂದೇ ಹೊಲಕ್ಕೆ ಹತ್ತಾರು ವಾರಸುದಾರರು, ಒಬ್ಬನಿಗೆ ಎರಡೇ ಸಾಲು ಬಳ್ಳಿ. ನಾನು ಕೇಳಿದೆ, “ಬದುವಿನ ಜಗಳ ಇಲ್ಲೇನವ್ವ?” ಮಾಯಾ ನಕ್ಕಳು. “ಅಲ್ಲೂ ಮನಿಶ್ಯಾರ ಅದಾರ್ರಿ ಕಾಕಾ” ಎಂದಳು.

ಅಲ್ಲಿ ದ್ರಾಕ್ಷಿಯೂ ಎರಡೇ ಜಾತಿ ಮುಖ್ಯ. ಕೆಂಪಿಗೆ ಪಿನೋ ನ್ವಾರ್, ಬಿಳಿಗೆ ಶಾರ್ಡನೇ. ಪಿನೋ ನ್ವಾರಿನ ಸಿಪ್ಪೆ ತೆಳು. ಬಿಸಿಲು ಹೆಚ್ಚಾದರೂ ಬಾಡುತ್ತದೆ, ಮಳೆ ಹೆಚ್ಚಾದರೂ ಕೊಳೆಯುತ್ತದೆ. ಹೊಲಗಳಿಗೆ ದರ್ಜೆ ಇದೆ. ಪ್ರೀಮಿಯೆ ಕ್ರೂ ಎಂದರೆ ಮೊದಲನೆಯದು, ಆದ್ದರಿಂದ ಅದು ರಾಜ. ಗ್ರಾಂ ಕ್ರೂ ಎಂದರೆ ದೊಡ್ಡದು, ಅದು ಮಂತ್ರಿ. ಅದರ ಕೆಳಗೆ ಹಳ್ಳಿಯ ಹೆಸರಿನ ವೈನು, ಅದರ ಕೆಳಗೆ ಇಡೀ ಸೀಮೆಯ ಹೆಸರಿನದು. ಬಾಯಿಪಾಠ ಆಗಿದೆ.

ಒಂದು ಸಂಗತಿ ಕೇಳು. ಬರ್ಗಂಡಿಯ ಸೀಸೆಯ ಮೇಲೆ ದ್ರಾಕ್ಷಿಯ ಹೆಸರೇ ಇರುವುದಿಲ್ಲ. ಊರ ಹೆಸರು ಇರುತ್ತದೆ, ಬೇಕಾದರೆ ಹೊಲದ ಹೆಸರು. ಒಳಗಿರುವುದು ಪಿನೋ ನ್ವಾರ್ ಎಂದು ಯಾರೂ ಬರೆಯುವುದಿಲ್ಲ. ನಾನು ಮಾಯಾಳನ್ನು ಕೇಳಿದೆ:

“ಯಾಕ ಬರೆಯೂದಿಲ್ಲ?”

“ಆ ಊರ ಅಂದ್ರ ಆ ದ್ರಾಕ್ಷಿನ ಅಂತ ಎಲ್ಲಾರಿಗೂ ಗೊತ್ತಲ್ರಿ. ಗೊತ್ತಿದ್ದದ್ದನ್ನ ಯಾಕ ಹೇಳೂದು?”

“ಗೊತ್ತಿಲ್ಲದವರು ಬಂದ್ರ?”

“ಅವರು ಹಂಗಽ ಹೋಗತಾರ, ಏನ್ ಕುಡದೇವು ಅಂತ ತಿಳೀದ.”

ಇದಕ್ಕೆಲ್ಲ ಅಲ್ಲಿ ಕಾಯ್ದೆ ಇದೆ. ಒಂದು ನೆಲದ ಹೆಸರನ್ನು ಇನ್ನೊಂದು ನೆಲದವರು ಹಾಕಿಕೊಳ್ಳುವಂತಿಲ್ಲ. ಶಾಂಪೇನ್ ಎಂಬ ಸೀಮೆಯಲ್ಲಿ ಸೀಸೆಯೊಳಗೇ ಎರಡನೆಯ ಸಲ ಹುಳಿ ಬರಿಸಿ ನೊರೆ ಕಟ್ಟಿಸುತ್ತಾರೆ. ಬೇರೆ ಕಡೆ ಅದೇ ರೀತಿ ಮಾಡಿದರೂ ಶಾಂಪೇನ್ ಎನ್ನುವಂತಿಲ್ಲ. ಗೋಕಾಕದ ಕರದಂಟನ್ನು ಬೇರೆ ಊರಲ್ಲಿ ಮಾಡಿ ಮಾರಿದರೆ ನಮಗೆ ಮೈ ಉರಿಯುವುದಿಲ್ಲವೇ? ಹಾಗೆ.

ಭೀಮಶಿಗೆ ನಮಸ್ಕಾರ ಹೇಳು. ಬಿಸಿಲು ಹೆಚ್ಚಾಗಿದೆ.

ಇಂತಿ,
ಕಾಶಿನಾಥ

*

ಹುಕ್ಕೇರಿ
೧೫ ಏಪ್ರಿಲ್ ೨೦೨೪

ಅಪ್ಪಾ,

ಭೀಮಶಿಗೆ ನಮಸ್ಕಾರ ಹೇಳಿದೆ. “ನಮಸ್ಕಾರ ಕೆತ್ತಾಕ ಬರೂದಿಲ್ರಿ ಅವ್ವಾರ, ಹೆಸರ ಕೊಡ್ರಿ” ಅಂದ.

ಇಲ್ಲಿ ಬಸ್ ಸ್ಟ್ಯಾಂಡಿನ ಜನ ಮಾತಾಡುತ್ತಾರೆ. ನಿನ್ನೆ ಪೀಕೋ ಮಾಡಿಸಲು ಬಂದ ಹೆಂಗಸು, “ನಿಮ್ಮಪ್ಪ ದಾರೂ ಫ್ಯಾಕ್ಟ್ರಿಗೆ ಹೋಗ್ಯಾನಂತಲ್ಲ, ಹೇಂತಿ ಹೋದ ದುಃಖಕ್ಕ?” ಎಂದಳು. ದುಃಖ ಇದ್ದಿದ್ದರೆ ಇಲ್ಲೇ ಕುಡಿಯಬಹುದಿತ್ತು, ಅಷ್ಟು ದೂರ ಯಾಕೆ ಹೋಗಬೇಕು ಎಂದೆ. ಆಕೆ ಸೀರೆ ತೆಗೆದುಕೊಂಡು ಹೋದಳು.

ಅಪ್ಪಾ, ಬರ್ಗಂಡಿಯದು ತಪ್ಪಿದೆ. ಮೊಬೈಲಿನಲ್ಲಿ ನೋಡಿದೆ. ಅಲ್ಲಿ ಗ್ರಾಂ ಕ್ರೂ ಮೇಲೆ, ಪ್ರೀಮಿಯೆ ಕ್ರೂ ಅದರ ಕೆಳಗೆ. ‘ಮೊದಲನೆಯದು’ ಎಂಬ ಅರ್ಥ ಇದ್ದರೂ ಎರಡನೆಯದು. ಬೋರ್ಡೋದ ಎಡದಂಡೆಯಲ್ಲಿ ಮಾತ್ರ ಪ್ರೀಮಿಯೆ ಎಲ್ಲಕ್ಕಿಂತ ಮೇಲೆ. ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಿ.

ಯಾಕೆ ನೋಡಿದೆನೋ ಗೊತ್ತಿಲ್ಲ. ಗಿರಾಕಿ ಇರಲಿಲ್ಲ, ನೋಡಿದೆ.

ಹೆಸರು?

ಸುಮನ

*

ನಾಶಿಕ
೯ ಜೂನ್ ೨೦೨೪

ಚಿ. ಸುಮನ,

ನಿನ್ನ ಕಾಗದ ಪರೀಕ್ಷೆಯ ಮರುದಿನ ಬಂತು. ನಾಯಕ ರಂಗಕ್ಕೆ ಬರುವ ಹೊತ್ತಿಗೆ ನಾಟಕ ಮುಗಿದಿತ್ತು! ಪ್ರೀಮಿಯೆ ಕ್ರೂ ಮೊದಲು ಎಂದೇ ಹೇಳಿ ಬಂದೆ, ಎದೆ ತಟ್ಟಿ, ಗಟ್ಟಿಯಾಗಿ. ನಪಾಸು. ಮುಂದಿನ ಪರೀಕ್ಷೆ ಮಳೆಗಾಲ ಮುಗಿದ ಮೇಲೆ.

ಮಾಯಾಗೆ ಬೇಸರವಾದದ್ದು ಅದಕ್ಕಲ್ಲ. ಬಟ್ಟಲುಗಳನ್ನು ಸಾಲಾಗಿ ಇಟ್ಟಿದ್ದಳು. ಒಂದೊಂದನ್ನೂ ಮೂಸಿ ಹೇಳಬೇಕು. ಹೇಳಿದೆ. ಸೊವಿನ್ಯೋನ್ ಬ್ಲಾಂನಲ್ಲಿ ಕೊಯ್ದ ಹುಲ್ಲು, ಶಾರ್ಡನೇಯಲ್ಲಿ ಬೆಣ್ಣೆ, ಶೆನಿನ್ ಬ್ಲಾಂನಲ್ಲಿ ಜೇನು. ಅವಳು ಕೈ ಕಟ್ಟಿ ನಿಂತಳು.

“ಕಾಕಾ, ಬಟ್ಲಾ ಅದಲಿ ಬದಲಿ ಮಾಡಿಟ್ಟಿದ್ದೆ. ನೀವು ಪಾಠ ಒಪ್ಪಿಸಿದ್ರಿ. ಮೂಸಿ ನೋಡಿಲ್ಲ.”

“ಮೂಸೇನಿ.”

“ಏನ್ ವಾಸನಿ ಬಂತು?”

“ಏನೂ ಇಲ್ಲವ್ವ.”

ಅದು ಖರೆ. ಡಾಕ್ಟರರಿಗೆ ತೋರಿಸಿದರು, ಮೂಗಿನಲ್ಲಿ ಏನೂ ದೋಷವಿಲ್ಲವಂತೆ. ಕಾರ್ತಿಕದಿಂದ ಹೀಗೇ. ಅನ್ನ, ಸಾರು, ಊದಿನಕಡ್ಡಿ, ಮಳೆ ಬಿದ್ದ ಮಣ್ಣು, ಎಲ್ಲ ಒಂದೇ. ಬಾಯಲ್ಲಿ ಹಾಕುತ್ತೇನೆ, ನುಂಗುತ್ತೇನೆ. ವೈನಾದರೆ ಉಗುಳುತ್ತೇನೆ. ಅಷ್ಟೇ ವ್ಯತ್ಯಾಸ.

ಇನ್ನೊಂದು ಹೇಳುತ್ತೇನೆ. ಸಂಜೆ ತೋಟದ ಕಟ್ಟೆಯ ಮೇಲೆ ಕುಳಿತು ಪಾಠ ಗಟ್ಟಿ ಮಾಡುತ್ತೇನಲ್ಲ, ‘ಉತ್ತರ ರೋನ್‌ನಲ್ಲಿ ಸಿರಾ, ದಕ್ಷಿಣ ರೋನ್‌ನಲ್ಲಿ ಗ್ರೆನಾಶ್’ ಎಂದು ಕೂಗಿ ನಿಲ್ಲಿಸುತ್ತೇನೆ. ನಿಲ್ಲಿಸಿ ಕಾಯುತ್ತೇನೆ. ಯಾಕೆ ಕಾಯುತ್ತೇನೆಂದು ಮೊದಮೊದಲು ತಿಳಿಯಲಿಲ್ಲ. ಮೂಡಲಗಿಯಲ್ಲಿ ನಾನು ಪಡಸಾಲೆಯಲ್ಲಿ ಓಡಾಡುತ್ತ ಮಾತು ಬಾಯಿಪಾಠ ಮಾಡುವಾಗ ಕಲ್ಲೋಳಿಯಾಕಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಓದಲು ಬರೆಯಲು ಬಾರದು. ಕೇಳಿ ಕೇಳಿಯೇ ಇಡೀ ನಾಟಕ ಬರುತ್ತಿತ್ತು. ನಾನು ತಪ್ಪಿದರೆ ರೊಟ್ಟಿಯ ಸಪ್ಪಳ ನಿಲ್ಲುತ್ತಿತ್ತು. “ಅದಲ್ರಿ. ಆ ಮಾತ ಮುಂದಿನ ಪ್ರವೇಶದಾಗ ಬರತೈತಿ” ಎಂದು ಎತ್ತಿಕೊಟ್ಟು ಮತ್ತೆ ಬಡಿಯುತ್ತಿದ್ದಳು.

ನಾನು ಪ್ರೀಮಿಯೆ ಮೊದಲು ಎಂದು ತಿಂಗಳುಗಟ್ಟಲೆ ಕೂಗಿದೆ. ಯಾವ ಸಪ್ಪಳವೂ ನಿಲ್ಲಲಿಲ್ಲ.

ನೀನು ತಿದ್ದಿದ್ದು ಒಳ್ಳೆಯದಾಯಿತು.

ಕಾಶಿನಾಥ

*

ಹುಕ್ಕೇರಿ
೧೮ ಆಗಸ್ಟ್ ೨೦೨೪

ಅಪ್ಪಾ, ನಮಸ್ಕಾರ.

ಎರಡು ತಿಂಗಳು ಬರೆಯಲಿಲ್ಲ. ಬರೆಯಲು ಏನೂ ಇರಲಿಲ್ಲ. ಶ್ರಾವಣದಲ್ಲಿ ಅಂಗಡಿಗೆ ಸೀರೆಗಳು ಬಹಳ ಬಂದವು.

ಕಳೆದ ರವಿವಾರ ಮೂಡಲಗಿಗೆ ಹೋಗಿ ಮನೆ ಕಸ ಹೊಡೆದೆ. ರೊಟ್ಟಿ ಬಡಿಯುವ ಮರದ ಕೊಣಮಿಗೆಯೊಳಗೆ ಹಿಟ್ಟು ಇನ್ನೂ ಹತ್ತಿಕೊಂಡಿತ್ತು. ತೊಳೆಯಲಿಲ್ಲ. ಅಲ್ಲಿಂದ ಕಲ್ಲೋಳಿಗೆ ಹೋದೆ. ಕೆಂಪವ್ವ ದೊಡ್ಡವ್ವನಿಗೆ ಮೊಣಕಾಲು ನೋವು, ಬಾಯಿ ಮಾತ್ರ ಹಾಗೇ ಇದೆ. ಹೆಸರಿನ ಮಾತು ತೆಗೆದೆ. “ಅಪ್ಪ ಹೇಳವಲ್ಲ ದೊಡ್ಡವ್ವ” ಎಂದೆ. ಅವಳು ಕೈ ಬಡಿದು ನಕ್ಕಳು.

“ಅಂವ ಎಲ್ಲಿ ಹೇಳ್ಯಾನವ್ವ! ಮದಿವಿ ಆಗಿ ಚನ್ನೀನ ಕರಕೊಂಡ ಮೂಡಲಗಿಗೆ ಹೋದಾಗ ನಾನೂ ಹೋಗಿದ್ದೆ. ಹೊಸ್ತಿಲದಾಗ ಓಣಿ ಹೆಣ್ಣಮಕ್ಕಳು ದಾರಿ ಕಟ್ಟಿ ನಿಂತ್ರು. ಹೆಸರ ಹೇಳ್ರಿ, ಇಲ್ಲಾಂದ್ರ ಒಳಗ ಬಿಡೂದಿಲ್ಲ ಅಂದ್ರು. ಚನ್ನಿ ಚಂದಾಗಿ ಪ್ರಾಸ ಕೂಡಿಸಿ ಒಡಪ ಹಾಕಿ ಕಾಶಿನಾಥ ಅಂತ ಹೆಸರ ಹೇಳಿದ್ಲು. ಆಮ್ಯಾಲ ನಿಮ್ಮಪ್ಪನ ಪಾಳಿ. ಏನ್ ಹೇಳ್ತಿ! ಸೆರಗ ಹಿಂದಕ ಒಗದಂಗ ಶಲ್ಯಾ ಒಗದ, ಮೀಸಿ ತಿರುವಿದ, ರಾಜಾನ ಪಾತ್ರದ ಮಾತ ಚಾಲೂ ಮಾಡಿದ ನೋಡ. ಓಣಿ ತುಂಬ ಮಂದಿ ಕೂಡ್ತು. ಚಪ್ಪಾಳಿ, ಸೀಟಿ! ನಗೂ ಭರದಾಗ ಹೆಣ್ಣಮಕ್ಕಳು ದಾರಿ ಬಿಟ್ರು, ಅಂವ ಒಳಗ ಹ್ವಾದ. ಹೆಸರ ಎಲ್ಲಿ? ಹೆಸರಽ ಹೇಳಲಿಲ್ಲ.”

“ಅವ್ವ ಏನಂದ್ಲು?” ಎಂದೆ.

“ನಾ ಕಿವಿಯಾಗ ಅಂದ್ನಿ, ನಿನ್ನ ಗಂಡ ಹೆಸರ ನುಂಗಿದ ನೋಡ ಅಂತ. ಅಕಿ, ‘ಇರಲಿ ಅಕ್ಕಾ, ಇನ್ನೊಂದ ದಿನ ಹೇಳತಾರ’ ಅಂದ್ಲು.”

ದೊಡ್ಡವ್ವ ಅಷ್ಟು ಹೇಳಿ ಚಹಾಕ್ಕೆ ಇಟ್ಟಳು. ನಾನು ಚಹಾ ಕುಡಿದು ಬಸ್ಸು ಹಿಡಿದೆ.

ಅಪ್ಪಾ, ಗಂಡ ಹೆಂಡಿರು ಹೆಸರು ಹಿಡಿಯಬಾರದೆಂಬ ರೂಢಿ ನನಗೂ ಗೊತ್ತು. ನಾನೂ ‘ನಮ್ಮನೆಯವರು’ ಎಂದೇ ಬರೆಯುತ್ತೇನೆ. ಆದರೆ ಹೊಸ್ತಿಲಿನಲ್ಲಿ ಒಂದು ಸಲ ಹೇಳಬೇಕೆಂಬುದೂ ಅದೇ ರೂಢಿ. ಅದನ್ನು ನೀವು ಹಾಗೇ ದಾಟಿದಿರಿ.

ಕಾರ್ತಿಕದ ಮೂರನೆಯ ಸೋಮವಾರ, ನವೆಂಬರ್ ಹದಿನೆಂಟಕ್ಕೆ, ಮೂಡಲಗಿಯಲ್ಲಿ ಅವ್ವನ ವರ್ಷದ ಕಾರ್ಯ. ಅವತ್ತು ನಾನು ನಮ್ಮ ಮನೆಯ ಬಾಗಿಲಲ್ಲಿ ನಿಂತಿರುತ್ತೇನೆ. ಹೆಸರು ಹೇಳದೆ ಒಳಗೆ ಬಿಡುವುದಿಲ್ಲ. ನೀವು ರಾಜನ ಮಾತು ಹೇಳಿದರೆ ನಾನು ನಗುವುದಿಲ್ಲ. ಹೆಸರು ಬರದಿದ್ದರೆ ಬರಲೇಬೇಡಿ. ಕಲ್ಲು ಹಾಗೇ ಖಾಲಿ ನಿಲ್ಲಲಿ.

ಇದನ್ನು ಸಿಟ್ಟಿನಿಂದ ಬರೆದಿಲ್ಲ. ಸಿಟ್ಟು ಬಂದಿದ್ದರೆ ಚಲೋ ಇತ್ತು.

ಸುಮನ

*

ನಾಶಿಕ
೧೦ ಸೆಪ್ಟೆಂಬರ್ ೨೦೨೪

ಸುಮನಳಿಗೆ,

ಕಾಗದ ತಲುಪಿತು.

ಅಪ್ಪ

*

ನಾಶಿಕ
೨೯ ಅಕ್ಟೋಬರ್ ೨೦೨೪

ಮಗಳೇ ಸುಮನ,

ಹೋದ ತಿಂಗಳು ಒಂದೇ ಸಾಲು ಬರೆದು ಹಾಕಿದೆ. ಬಣ್ಣ ಹಚ್ಚಿಕೊಂಡು ರಂಗಕ್ಕೆ ಬಂದು, ಒಂದು ಮಾತು ಆಡಿ, ಒಳಗೆ ಹೋದ ಹಾಗೆ. ನನಗೆ ಮುಂದಿನ ಮಾತು ಬರಲಿಲ್ಲ. ಕಾಗದ ಎದುರಿಗಿಟ್ಟುಕೊಂಡು ಕೂತಿದ್ದೆ. ಬರಲಿಲ್ಲ.

ಪರೀಕ್ಷೆ ಪಾಸಾಯಿತು. ಗ್ರಾಂ ಕ್ರೂ ಮೇಲೆ, ಪ್ರೀಮಿಯೆ ಕೆಳಗೆ ಎಂದೆ. ನನ್ನ ಮಗಳು ಹುಕ್ಕೇರಿಯಿಂದ ಎತ್ತಿಕೊಟ್ಟ ಮಾತು ಎಂದು ಮಾಯಾಗೆ ಹೇಳಿದೆ. ಮೂಸುವ ಭಾಗವನ್ನು ಅವಳು ಬಿಟ್ಟುಕೊಟ್ಟಳು. “ನೀವು ಕಥಿ ಹೇಳ್ರಿ ಕಾಕಾ, ಮೂಸಾಕ ಬಂದವರ ಮೂಗ ಅದಾವು” ಎಂದಳು.

ಕಳೆದ ಶನಿವಾರ ನನ್ನ ಮೊದಲ ಪ್ರಯೋಗ. ದೊಡ್ಡ ಸಭಾಂಗಣ, ತುಂಬ ಜನ. ಜರಿ ಪಟಗಾ ಸುತ್ತಿಕೊಂಡು ನಿಂತೆ. ಬೋರ್ಡೋ ಗುಡುಗಿತು! ಬರ್ಗಂಡಿಗೆ ಜನ ತಲೆದೂಗಿದರು! ಶಾಂಪೇನಿನ ಬಿರಡೆ ಹಾರಿದಾಗ ಒಬ್ಬ ಅಜ್ಜಿ ಕುರ್ಚಿಯಿಂದ ಹಾರಿದಳು! ಎಲ್ಲ ನನ್ನ ಕೈಯಲ್ಲಿತ್ತು. ಆಮೇಲೆ ಅಲ್ಸಾಸ್ ಬಂತು.

ಅಲ್ಸಾಸ್ ಎಂಬುದು ಗಡಿನಾಡು. ಒಮ್ಮೆ ಫ್ರಾನ್ಸಿಗೆ, ಒಮ್ಮೆ ಜರ್ಮನಿಗೆ, ಮತ್ತೆ ಫ್ರಾನ್ಸಿಗೆ, ಹೀಗೆ ಕೈ ಬದಲಾಗುತ್ತ ಬಂದ ಸೀಮೆ. ಮನೆಯಲ್ಲಿ ಒಂದು ಮಾತು, ಕಚೇರಿಯಲ್ಲಿ ಇನ್ನೊಂದು ಮಾತು. ಬೆಳಗಾವಿ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕೇ? ಅಲ್ಲಿಯ ಸೀಸೆ ಸಪೂರ, ಉದ್ದ ಕುತ್ತಿಗೆ. ಫ್ರಾನ್ಸಿನ ಉಳಿದ ಹೆಸರಾದ ಸೀಮೆಗಳವರು ಊರ ಹೆಸರು ಬರೆದು ಸುಮ್ಮನಾದರೆ, ಇವರು ಬಹುಮಟ್ಟಿಗೆ ದ್ರಾಕ್ಷಿಯ ಹೆಸರನ್ನೇ ಸೀಸೆಯ ಮೇಲೆ ಬರೆಯುತ್ತಾರೆ. ಪಾಠದಲ್ಲಿ ಇದನ್ನು ಎಷ್ಟೋ ಸಲ ಕೂಗಿದ್ದೆ. ಅವತ್ತು ಸೀಸೆ ಎತ್ತಿ ಹಿಡಿದು, “ಇಕೋ ನೋಡಿ ಮಹಾಜನರೇ, ಇದರೊಳಗೆ ಇರುವಾಕೆಯ ಹೆಸರು...” ಎಂದೆ.

ನಿಂತುಬಿಟ್ಟೆ. ಮಾತು ಹೋಯಿತು.

ನಲವತ್ತು ವರ್ಷದಲ್ಲಿ ರಂಗದ ಮೇಲೆ ನಾನು ಮಾತು ಮರೆತದ್ದಿಲ್ಲ. ಜನ ನೋಡುತ್ತಿದ್ದರು. ಸೀಸೆಯ ಮೇಲೆ ಬರೆದೇ ಇತ್ತು, ಓದಿದರೆ ಸಾಕಿತ್ತು. ಓದಲಿಲ್ಲ. ಹಿಂದಿನ ಗೋಡೆಗೆ ಆತು ನಿಂತಿದ್ದ ಮಾಯಾ, ನನ್ನ ಕಿವಿಗೆ ಮುಟ್ಟಲೆಂದು, ಸಭಾಂಗಣ ತುಂಬುವಂತೆ ಕೂಗಿದಳು:

“ಹೆಸರ ಹೇಳ್ರಿ ಕಾಕಾ!”

ಓಣಿಯ ಹೆಣ್ಣುಮಕ್ಕಳು ಅಂದದ್ದೂ ಅದೇ ಮಾತು.

‘ರೀಸ್ಲಿಂಗ್’ ಎಂದೆ. ಜನ ಚಪ್ಪಾಳೆ ತಟ್ಟಿದರು. ನಾಟಕದ ತಂತ್ರವೆಂದುಕೊಂಡರು. ಪ್ರಯೋಗ ಮುಗಿಯಿತು.

ಮರುದಿನ ಮಧ್ಯಾಹ್ನ ತೋಟದೊಳಗೆ ಹೋದೆ. ಈಗ ಚಾಟಣಿ ಮಾಡಿದ್ದಾರೆ. ಬಳ್ಳಿಗಳೆಲ್ಲ ಬೋಳು, ಕತ್ತರಿಸಿದ ತುದಿಯಲ್ಲಿ ನೀರು ಜಿನುಗುತ್ತದೆ. ಸಾಲಿನ ನಡುವೆ ನಿಂತು ದಾಕ್ಷಾಯಿಣಿ ಎಂದು ಹೇಳಿ ನೋಡಿದೆ. ಅದು ನಮ್ಮವ್ವ ಇಟ್ಟ ಹೆಸರು. ನಮ್ಮ ಮನೆಗೆ ಒಪ್ಪುವಂತೆ ಹಚ್ಚಿದ ಚೀಟಿ. ಹೇಳಿದರೆ ಯಾರೋ ಪರವೂರಿನ ಹೆಂಗಸನ್ನು ಕರೆದಂತಾಯಿತು.

ಇನ್ನೊಂದನ್ನು ಹೇಳಿದೆ. ಅಳು ಬರಲಿಲ್ಲ ಮಗಳೇ. ನಿನಗೆ ಸುಳ್ಳು ಬರೆಯುವುದಿಲ್ಲ. ಯಾವ ವಾಸನೆಯೂ ಬರಲಿಲ್ಲ. ಹೆಸರು ಬಂತು, ಅಷ್ಟೇ. ಹೇಳಿ ಮುಗಿಸಿ, ರೂಢಿಯಂತೆ ನಿಂತು ಕಾದೆ.

ಭೀಮಶಿಗೆ ಹೇಳು, ‘ಚನ್ನವ್ವ’ ಎಂದು ಕೆತ್ತಲಿ. ಕಲ್ಲೋಳಿ ಬೇಡ. ಊರು ಬೇಡ, ಮನೆತನ ಬೇಡ, ನನ್ನ ಹೆಸರೂ ಬೇಡ. ನಾವೂ ಗಡಿಯವರು. ಹೆಸರನ್ನೇ ಬರೆಯೋಣ.

ಹೊಸ್ತಿಲಿನಲ್ಲಿ ದಾರಿ ಕಟ್ಟುತ್ತೇನೆ ಅಂದೆಯಲ್ಲ. ಒಡಪು ಕಟ್ಟಿದ್ದೇನೆ. ನಾಟಕದ ಮಾತು ಒಂದೂ ಇದರಲ್ಲಿಲ್ಲ.

ಕರಿಮಣ್ಣ ಹೊಲದಾಗ ಬಿಳಿಜ್ವಾಳದ ತೆನಿ,
ಕಲ್ಲೋಳಿ ದಾರಿ ನೋಡಿ ಕಾದಿತ್ತ ಮನಿ;
ರಾಣ್ಯಾರ ಹೆಸರೆಲ್ಲ ಗುಡುಗಿದೆ ನಾನ,
ಚನ್ನವ್ವನ ಹೆಸರ ಹೇಳೇನಿ, ದಾರಿ ಬಿಡ ಇನ್ನ.

ಬರಲೇ?

ಅಪ್ಪ

*

ಹುಕ್ಕೇರಿ
೮ ನವೆಂಬರ್ ೨೦೨೪

ಅಪ್ಪಾ,

ನಿನ್ನೆ ಗೋಕಾಕಕ್ಕೆ ಹೋಗಿದ್ದೆ. ಭೀಮಶಿ ನನ್ನ ಮುಂದೆಯೇ ಕೆತ್ತಿದ. ಮೂರೇ ಅಕ್ಷರ, ಬೇಗ ಮುಗಿಯಿತು. ಉಳಿ ಕೆಳಗಿಟ್ಟು, “ಇಷ್ಟಽ ಏನ್ರಿ ಅವ್ವಾರ? ಕಲ್ಲ ಇನ್ನೂ ಬಾಳ ಉಳದೈತಿ. ಯಾವೂರು, ಯಾರ ಹೇಂತಿ, ಏನರ ಹಾಕೂನ್ರಿ” ಅಂದ. ಉಳಿಯಲಿ ಎಂದೆ. ಅವನು ಕಲ್ಲಿನ ಪುಡಿ ಊದಿದ. ನಾನು ಬೆರಳಿನಿಂದ ಅಕ್ಷರ ಮುಟ್ಟಿ ನೋಡಿದೆ. ಕಲ್ಲು ಇನ್ನೂ ಬೆಚ್ಚಗಿತ್ತು.

ಒಡಪು ಓದಿದೆ. ಫೋನಿನಲ್ಲಿ ಕೆಂಪವ್ವ ದೊಡ್ಡವ್ವನಿಗೂ ಓದಿದೆ. ಇನ್ನೊಮ್ಮೆ ಓದಿಸಿಕೊಂಡಳು. ಆಮೇಲೆ “ತಡಾ ಆತು” ಎಂದಳು. ಫೋನ್ ಇಡುವ ಮುನ್ನ “ಪ್ರಾಸ ಚಲೋ ಐತಿ” ಎಂದಳು.

ಆದರೆ ಅಪ್ಪಾ, ಕಾಗದದಲ್ಲಿ ಬರೆದರೆ ಒಡಪು ಹಾಕಿದಂತಾಗುವುದಿಲ್ಲ. ಹೊಸ್ತಿಲಿನಲ್ಲಿ ನಿಂತು ಬಾಯಿಬಿಟ್ಟು ಹೇಳಬೇಕು, ಓಣಿಯ ಜನ ಕೇಳುವಂತೆ. ಅಂದು ದಾರಿ ಕಟ್ಟಿದವರಲ್ಲಿ ಇಬ್ಬರು ಇನ್ನೂ ಇದ್ದಾರೆ. ಅವರನ್ನೂ ಕರೆದಿದ್ದೇನೆ.

ಹದಿನೇಳಕ್ಕೆ ಗೋಕಾಕದ ಸ್ಟ್ಯಾಂಡಿನಲ್ಲಿ ಇಳಿಯಿರಿ. ಗುರುಪಾದ ಗಾಡಿ ತೆಗೆದುಕೊಂಡು ಬರುತ್ತಾರೆ. ಹೌದು, ಹೆಸರು ಬರೆದೆ.

ಮನೆ ಕಸ ಹೊಡೆದು ಇಟ್ಟಿದ್ದೇನೆ. ಕೊಣಮಿಗೆ ತೊಳೆದಿಲ್ಲ. ನೀವು ಬಂದ ಮೇಲೆ ಅದರಲ್ಲೇ ರೊಟ್ಟಿ ಬಡಿಯುತ್ತೇನೆ. ರುಚಿ ಹತ್ತದಿದ್ದರೂ ಉಣ್ಣಿರಿ.

ಬಾಗಿಲಲ್ಲಿ ನಿಂತಿರುತ್ತೇನೆ. ಮಾತು ಮರೆತರೆ ಎತ್ತಿಕೊಡುತ್ತೇನೆ.

ಸುಮನ